ಕುಂಕುಮಕ್ಕೊಂದು ಖಾಲಿ ಕಾರ್ಡು

ಯಾರ ಮನೆಗೆ ಹೋದರೂ ಕುಳಿತ ಕೂಡಲೇ ಎದುರಿನ ಮೇಜನ್ನು ಒಮ್ಮೆ ಅಲ್ಲಾಡಿಸಿ ನೋಡುವ ಚಟವೊಂದು ನನಗಿದೆ. ನಾಲ್ಕು ಕಾಲಿನಲ್ಲಿ ಯಾವುದು ಗಿಡ್ಡ ಎಂದು ತಿಳಿಯುವ ತನಕ ಕಾಫಿ ಗಂಟಲಿಗೆ ಇಳಿಯುವುದಿಲ್ಲ. ತಿಳಿಯಿತೋ, ಜೇಬಿನಲ್ಲಿರುವ ಬಸ್ ಟಿಕೆಟನ್ನು ಮಡಿಸಿ ಆ ಕಾಲಿನ ಕೆಳಗೆ ತುರುಕಿ, ಇನ್ನೊಮ್ಮೆ ಅಲ್ಲಾಡಿಸಿ, ಆಮೇಲೆ ಲೋಟಕ್ಕೆ ಕೈ ಹಾಕುತ್ತೇನೆ. ಪಕ್ಕದ ಮನೆಯ ಶಾಂತಮ್ಮನವರು ಮೊನ್ನೆ ನೇರವಾಗಿಯೇ ಕೇಳಿದರು: "ಕಾಫಿ ಕುಡಿಯೋಕೆ ಬಂದಿರೋ, ಮೇಜು ವ್ಯಾಪಾರಕ್ಕೆ ಬಂದಿರೋ?" ಒಂಟಿಯಾಗಿ ಬದುಕಿದವರಿಗೆ ಇಂಥವೆಲ್ಲ ಅಂಟಿಕೊಳ್ಳುತ್ತವೆ ಎಂಬುದು ಅವರ ಅಭಿಪ್ರಾಯ. ಇರಬಹುದು. ಆದರೆ ಈ ಚಟಕ್ಕೆ ನಾನು ಸಂಬಳವನ್ನೂ ಪಡೆದಿದ್ದೇನೆ ಎಂದರೆ ಅವರು ನಂಬುವುದಿಲ್ಲ, ನೀವೂ ನಂಬಲಾರಿರಿ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಲೆಯ ಮೇಲೆ ಏನಾದರೂ ಇಟ್ಟು ಬಂದಿದ್ದರೆ ಇಳಿಸಿ ಬನ್ನಿ.

ಎಪ್ಪತ್ತರ ದಶಕದಲ್ಲಿ ನಾನು ಮದರಾಸಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಕಾರ್ಖಾನೆಗಳ ಕಂಪ್ಯೂಟರುಗಳಿಗೆ ಸಂಬಳದ ಲೆಕ್ಕ ಮಾಡುವ ಪ್ರೋಗ್ರಾಂ ಬರೆದು ಕೊಡುವುದು ನಮ್ಮ ಕಸುಬು. ಆಗ ಕಂಪ್ಯೂಟರ್ ಎಂದರೆ ಮೇಜಿನ ಮೇಲೆ ಕೂರುವ ವಸ್ತುವಲ್ಲ. ಒಂದು ಹಜಾರದ ತುಂಬ ನಿಂತ ಕಬ್ಬಿಣದ ಬೀರುಗಳು. ಕೂಲಿಯವರಿಗೆ ಫ್ಯಾನು ಇಲ್ಲದ ಕಾರ್ಖಾನೆಯಲ್ಲೂ ಅದಕ್ಕೆ ಮಾತ್ರ ತಂಪು ಗಾಳಿ. ಪ್ರೋಗ್ರಾಂ ಎಂದರೆ ಕಾರ್ಡುಗಳ ಕಟ್ಟು. ಅಂಚೆ ಕಾರ್ಡಿಗಿಂತ ತುಸು ಉದ್ದನೆಯ ದಪ್ಪ ಕಾಗದ, ಅದರಲ್ಲಿ ಸಾಲುಸಾಲು ತೂತು. ತೂತಿನಲ್ಲಿ ಬೆಳಕು ಹಾಯ್ದರೆ ಯಂತ್ರ ಅದನ್ನು ಅಕ್ಷರವಾಗಿ ಓದಿಕೊಳ್ಳುತ್ತಿತ್ತು. ಕಟ್ಟಿನ ಮೊದಲಿಗೆ ಇರುತ್ತಿದ್ದ ಕೆಲವು ಕಾರ್ಡುಗಳ ಕೆಲಸ ಲೆಕ್ಕ ಮಾಡುವುದಲ್ಲ, ಉಳಿದ ಕಾರ್ಡುಗಳನ್ನು ಯಂತ್ರದೊಳಗೆ ಎಲ್ಲೆಲ್ಲಿ ಕೂರಿಸಬೇಕೆಂದು ಹೇಳುವುದು. ಮದುವೆ ಮನೆಯಲ್ಲಿ ಬಂದವರನ್ನು ಪಂಕ್ತಿಗೆ ಕೂರಿಸುವ ಒಬ್ಬ ಮಾವ ಇರುತ್ತಾನಲ್ಲ, ಅವನ ಕೆಲಸ.

ಈ ಮಾವನಿಗೆ ಒಂದೇ ಮನೆ ಗೊತ್ತಿದ್ದರೆ ಏನಾಗುತ್ತದೆ? ನಮಗೆ ಆದದ್ದು ಅದೇ. "ಮೂರನೆಯ ಟೇಪಿನ ಮೇಲೆ ಇದನ್ನು ಇಡು" ಎಂದು ಕಾರ್ಡು ಹೇಳುತ್ತದೆ. ಟೇಪೆಂದರೆ ಯಂತ್ರ ಲೆಕ್ಕವನ್ನು ಬರೆದಿಟ್ಟುಕೊಳ್ಳುವ ಸುರುಳಿ. ಸೇಲಂನ ನೂಲಿನ ಗಿರಣಿಯಲ್ಲಿ ಮೂರನೆಯ ಟೇಪು ಉಂಟು, ಇಡುತ್ತದೆ. ಮೇಟೂರಿನ ಕಾರ್ಖಾನೆಯಲ್ಲಿ ಇದ್ದದ್ದೇ ಎರಡು. ಅಲ್ಲಿ ಯಂತ್ರ ಕೆಂಪು ದೀಪ ಹೊತ್ತಿಸಿಕೊಂಡು ನಿಂತುಬಿಡುತ್ತದೆ. ಧರ್ಮಪುರಿ ಕಡೆಯ ಇನ್ನೊಂದು ಕಚೇರಿಯ ಯಂತ್ರಕ್ಕೆ ಟೇಪೇ ಇಲ್ಲ, ಅದರ ಪ್ರಿಂಟರು ಬೇರೆ ಕಿರಿದು; ಅಲ್ಲಿ ಕೂಲಿಯವರ ಹೆಸರು ಅರ್ಧಕ್ಕೇ ತುಂಡಾಗಿ ಹೊರಬರುತ್ತಿತ್ತು. ನಮ್ಮ ಮ್ಯಾನೇಜರು ಒಳ್ಳೆಯ ಮನುಷ್ಯ. ಆದರೆ ಲೋಕದ ಯಂತ್ರಗಳೆಲ್ಲ ತಮ್ಮ ಆಫೀಸಿನ ಯಂತ್ರದ ಹಾಗೆಯೇ ಇರುತ್ತವೆ ಎಂದು ನಂಬಿದ್ದರು. ದೀಪ ಕೆಂಪಾದಾಗಲೆಲ್ಲ ಸೇಲಂ ಜಿಲ್ಲೆಯವನು ಎಂಬ ಒಂದೇ ಕಾರಣಕ್ಕೆ ನನ್ನನ್ನು ಬಸ್ಸು ಹತ್ತಿಸುತ್ತಿದ್ದರು. ನಾನು ಹೋಗಿ, ಅಲ್ಲಿ ಏನಿದೆ ಏನಿಲ್ಲ ನೋಡಿ, ಮುಂದಿನ ಕಾರ್ಡುಗಳನ್ನು ಕಿತ್ತು ಹಾಕಿ, ಆ ಜಾಗಕ್ಕೆ ತಕ್ಕ ಬೇರೆ ಕಾರ್ಡುಗಳನ್ನು ತೂತು ಹೊಡೆದು ಸೇರಿಸಿ ಬರಬೇಕು. ಬಂದ ಕೂಡಲೇ ಅಲ್ಲಾಡಿಸಿ ನೋಡುವ ಚಟ ಹುಟ್ಟಿದ್ದು ಅಲ್ಲಿ.

ಹುಟ್ಟಿದ್ದು ಅಲ್ಲಿ ಎಂದೆ. ಯೋಚಿಸಿದರೆ ಅದೂ ಪೂರ್ತಿ ನಿಜವಲ್ಲ. ನನ್ನದು ಮೇಟೂರಿನ ಕಡೆಯ ಕೊಳತ್ತೂರಿನ ಆಚೆಗಿನ, ಕನ್ನಡ ಮಾತಾಡುವ ಒಂದು ಹಳ್ಳಿ. ಕುರಿ ಸಾಕುವ ಮನೆ. ಬೇಸಿಗೆಯಲ್ಲಿ ತಾತ ಹೊಲದಿಂದ ಹೊಲಕ್ಕೆ ಮಂದೆ ಹೊಡೆದುಕೊಂಡು ಹೋಗುತ್ತಿದ್ದ. ರಾತ್ರಿ ಮಂದೆ ನಿಂತ ಹೊಲಕ್ಕೆ ಗೊಬ್ಬರ, ನಮಗೆ ರಾಗಿ. ಕುರಿಗಳನ್ನು ಕೂಡುವ ಬಿದಿರು ತಟ್ಟಿಗಳು ಎಲ್ಲ ಹೊಲಕ್ಕೂ ಅವೇ, ಆದರೆ ತಾತ ಅವನ್ನು ಎರಡು ಕಡೆ ಒಂದೇ ಥರ ಕಟ್ಟಿದ್ದನ್ನು ನಾನು ನೋಡಿಲ್ಲ. ತಲೆಯ ಮೇಲಿನ ಹೊರೆ ಇಳಿಸುವ ಮುಂಚೆ ಹೊಲದವನನ್ನು ನಿಲ್ಲಿಸಿಕೊಂಡು ಕೇಳುವನು: ಗಾಳಿ ಯಾವ ಕಡೆಯದು, ಗೂಟ ಇಳಿಯುತ್ತೋ ಕಲ್ಲೋ, ನರಿ ಬರೋ ದಾರಿ ಯಾವುದು, ನಿನ್ನ ನಾಯಿ ಎಂಥದು. ಹೊಲದವರು ರೇಗುತ್ತಿದ್ದರು. "ಏನ್ ಗೌಡ, ಕುರಿ ನಿಲ್ಸಾಕ್ ಬಂದ್ಯೋ ಎಣ್ಣು ಕೇಳಾಕ್ ಬಂದ್ಯೋ?" ತಾತ ಅದಕ್ಕೂ ಜಗ್ಗದೆ, "ಎಣ್ಣಾದ್ರೆ ಇಷ್ಟೆಲ್ಲಾ ಕೇಳಾಕಿಲ್ಲ ಬಿಡಪ್ಪ" ಎನ್ನುತ್ತಿದ್ದ. ನನಗೆ ನಾಚಿಕೆಯಾಗಿ ಕುರಿಗಳ ನಡುವೆ ಅವಿತುಕೊಳ್ಳುತ್ತಿದ್ದೆ. ಕುರಿಗಳಿಗೆ ಆ ನಾಚಿಕೆ ಇರಲಿಲ್ಲ.

ತಾತ ಹೋದ, ಅವ್ವ ಹೋದಳು, ಅಪ್ಪನೂ ಬಹಳ ದಿನ ಇರಲಿಲ್ಲ. ಕುರಿಗಳನ್ನು ಯಾರೋ ಹೊಡೆದುಕೊಂಡು ಹೋದರು. ನನ್ನನ್ನು ಸೇಲಂನ ಒಂದು ಹಾಸ್ಟೆಲಿಗೆ ಹೊಡೆದರು. ಓದಿದ್ದೆಲ್ಲ ತಮಿಳಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ಮೀಸೆ ನರೆಯಲು ಶುರುವಾದ ಮೇಲೆ. ಅದಕ್ಕೇ ಈಗಲೂ ನನ್ನ ಬರವಣಿಗೆ ಹೊಸ ಚಪ್ಪಲಿ ಹಾಕಿಕೊಂಡವನ ನಡಿಗೆಯ ಹಾಗಿದೆ. ಮದರಾಸಿನಲ್ಲಿ ಕನ್ನಡದವರು ಇರಲಿಲ್ಲವೆಂದಲ್ಲ. ಒಬ್ಬರ ಮನೆಗೆ ಒಂದೆರಡು ಸಲ ಹೋಗಿಯೂ ಇದ್ದೆ. ಅವರದು ಇಸ್ತ್ರಿ ಹಾಕಿದ ಕನ್ನಡ. ನಾನು ಬಾಯಿ ತೆರೆದು "ಐತೆ" ಎಂದ ಕೂಡಲೇ ಮಕ್ಕಳು ಬಾಗಿಲ ಹಿಂದೆ ಓಡಿ ನಗುತ್ತಿದ್ದವು. ದೊಡ್ಡವರು ನಗುತ್ತಿರಲಿಲ್ಲ, ಅದು ಇನ್ನೂ ಕಷ್ಟ. ಹೀಗೆ ನನ್ನ ಭಾಷೆಯಲ್ಲಿ ನಾನು ಮಾತಾಡುತ್ತಿದ್ದದ್ದು ನನ್ನ ಜೊತೆಗೇ, ಅದೂ ಸಿಟ್ಟು ಬಂದಾಗ. ವಾರಗಟ್ಟಲೆ ಸಿಟ್ಟು ಬರದಿದ್ದರೆ ಆ ವಾರವೆಲ್ಲ ಕನ್ನಡವಿಲ್ಲ.

ಮೇಟೂರಿನಲ್ಲಿ ಮೊದಲ ಸಲ ಕೆಂಪು ದೀಪ ಹೊತ್ತಿಕೊಂಡಾಗ ನನಗೆ ಅಂಥ ಸಿಟ್ಟು ಬಂತು. ಯಂತ್ರದ ಕೋಣೆಯಲ್ಲಿ ಒಬ್ಬನೇ ಇದ್ದೇನೆಂದುಕೊಂಡು, "ಥೂ, ನಿನ್ ಮನೆ ಆಳಾಗ, ಇರೋದನ್ನಾದ್ರೂ ಏಳಿ ಸಾಯಬಾರ್ದಾ!" ಎಂದು ಬೀರುವಿಗೆ ಬೈದೆ. ಹಿಂದಿನಿಂದ ಯಾರೋ ಕೆಮ್ಮಿದರು. ಯಂತ್ರ ನಡೆಸುವ ಆಪರೇಟರು. ಬೆಳಗಿನಿಂದ ನನ್ನೊಡನೆ ತಮಿಳಿನಲ್ಲಿ "ಸಾರ್, ಸಾರ್" ಎನ್ನುತ್ತಿದ್ದ ದಪ್ಪ ಮೀಸೆಯ ಮನುಷ್ಯ. ಕಣ್ಣರಳಿಸಿ ನನ್ನನ್ನು ಮೇಲಿನಿಂದ ಕೆಳಕ್ಕೆ ನೋಡಿದ.

"ಯಾವೂರ್ಲಾ ನಿಂದು?" ಎಂದ.

ಒಂದು ಬೈಗುಳಕ್ಕೆ ನಾನು ಸಾರ್‌ನಿಂದ ಲಾ ಆಗಿದ್ದೆ. ಅಷ್ಟು ಸಂತೋಷ ನನಗೆ ಯಾವ ಬಡ್ತಿಯಲ್ಲೂ ಆಗಿಲ್ಲ.

ಅವನೇ ಚಿಕ್ಕಣ್ಣ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವನು, ಅವನ ಊರೂ ನಮ್ಮೂರಿನ ಕಡೆಯದೇ. ಅಂದು ಮಧ್ಯಾಹ್ನ ಕ್ಯಾಂಟೀನಿಗೆ ಹೊರಟ ನನ್ನನ್ನು ರಟ್ಟೆ ಹಿಡಿದು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕ್ವಾರ್ಟರ್ಸಿಗೆ ಕರೆದುಕೊಂಡು ಹೋದ. ಬಾಗಿಲಲ್ಲೇ ಕೂಗಿದ: "ಏಯ್ ಕೆಂಪಿ, ನೋಡ್ಬಾರೇ, ಮದ್ರಾಸ್‌ನಿಂದ ನಮ್ಮೋನು ಒಬ್ಬ ಬಂದವ್ನೆ!" ಕೆಂಪಮ್ಮ, ಅವನ ಹೆಂಡತಿ, ಒಳಗಿನಿಂದ ಸೆರಗಿಗೆ ಕೈ ಒರೆಸುತ್ತ ಬಂದಳು. "ನಮ್ಮೋನಾದ್ರೆ ಮುದ್ದೆ ತಿಂತಾನಾ, ಇಲ್ಲಾ ಇಡ್ಲಿ ತರ್ಸಬೇಕಾ?" ಎಂದು ಗಂಡನನ್ನು ಕೇಳಿದಳು. ನಾನು ಉತ್ತರ ಹೇಳುವ ಮುಂಚೆಯೇ ನನ್ನ ಹೊಟ್ಟೆ ಹೇಳಿತು. ಅಣೆಕಟ್ಟೆಯ ಮೀನಿನ ಸಾರು, ಹಬೆಯಾಡುವ ಮುದ್ದೆ. ಮದರಾಸಿನ ಹೋಟೆಲುಗಳಲ್ಲಿ ರಾಗಿ ಎಂದರೆ ಕುದುರೆಗೋ ಎಂದು ಕೇಳುತ್ತಿದ್ದರು. ಎರಡನೆಯ ಮುದ್ದೆಗೆ ಬರುವಷ್ಟರಲ್ಲಿ ಅವಳು ನನಗೆ ಅತ್ತಿಗೆಯಾಗಿದ್ದಳು.

ಅವರಿಗೆ ಮಕ್ಕಳಿರಲಿಲ್ಲ. ಕ್ವಾರ್ಟರ್ಸಿನ ಎಡಬಲದವರೆಲ್ಲ ತಮಿಳಿನವರು, ತೆಲುಗಿನವರು; ಒಳ್ಳೆಯವರೇ. ಅತ್ತಿಗೆಯ ತಮಿಳೂ ಚೆನ್ನಾಗಿತ್ತು. ಆದರೆ ಹೊರಗೆ ತಮಿಳಿನಲ್ಲಿ ನಾಲ್ಕು ಮಾತಿಗೆ ಮುಗಿಸುತ್ತಿದ್ದವಳು ನಾನು ಹೋದರೆ ಕನ್ನಡದಲ್ಲಿ ಸಾಯಂಕಾಲದ ತನಕ ಮಾತಾಡುತ್ತಿದ್ದಳು. ಮಾತೆಂದರೆ ಅಂಥದ್ದೇನಲ್ಲ. ಯಾವ ಬಾವಿಯ ನೀರಿಗೆ ಬೇಳೆ ಬೇಯುವುದಿಲ್ಲ, ಅದಿಯಮಾನ್‌ಕೋಟೆಗೆ ಕೊಟ್ಟ ಅವಳ ತಂಗಿಯ ಅತ್ತೆ ಎಂಥ ಗಯ್ಯಾಳಿ, ಹೊಗೆನಕಲ್ಲಿನಲ್ಲಿ ಹರಿಗೋಲು ಹತ್ತಿದಾಗ ಚಿಕ್ಕಣ್ಣ ಹೇಗೆ ಕಣ್ಣು ಮುಚ್ಚಿಕೊಂಡು ಮಾದೇಶ್ವರನ ಹೆಸರು ಕೂಗಿಕೊಂಡ. "ನಿನ್ನೇ ಕೂಗ್ದಂಗಿತ್ತಪ್ಪ" ಎಂದು ನನ್ನನ್ನು ನೋಡಿ ನಗುವಳು. ನನ್ನ ಹೆಸರೂ ಮಾದೇಶ.

ಹೀಗೆ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮೇಟೂರಿಗೆ ಕರೆ ಬರತೊಡಗಿತು. ಸಂಬಳದ ನಿಯಮ ಏನೋ ಬದಲಾಯಿತೆಂದು ಮದರಾಸಿನಲ್ಲಿ ಹೊಸ ಕಟ್ಟು ಮಾಡುವುದು, ಅದು ಮೇಟೂರಿನಲ್ಲಿ ಕೂರದಿರುವುದು, ನಾನು ಹೋಗುವುದು. ಸೇಲಂನ ಲಾಡ್ಜಿನಲ್ಲಿ ತಂಗಿ ಗಿರಣಿಯ ಕೆಲಸ ಮುಗಿಸಿ, ಓಮಲೂರಿನ ಮೇಲೆ ಹೋಗುವ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತರೆ ನನಗೆ ಮಾತು ತಾನಾಗಿ ಹೊಂದಿಕೊಳ್ಳುತ್ತಿತ್ತು: ಅತ್ತಿಗೆಗೆ ಇದು ಹೇಳಬೇಕು, ಅದು ಹೇಳಬೇಕು. ಒಂದು ದಿನ ಆಫೀಸಿನಲ್ಲಿ ಮೇಟೂರಿನಿಂದ ತಂತಿ ಬಂತು, ಯಂತ್ರ ನಿಂತಿದೆ ಎಂದು. ಎಲ್ಲರ ಮುಖ ಬಾಡಿತು. ನಾನು ಮಾತ್ರ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದ ಹಾಗೆ ಮಾಡಿದೆ. ನಗು ಬಂದುಬಿಟ್ಟಿತ್ತು. ನಾವೇ ಮಾಡಿದ ವಸ್ತು ಕೆಡಲಿ ಎಂದು ಕಾಯುವವನಾಗಿದ್ದೇನೆ ಎಂದು ಅವತ್ತು ಗೊತ್ತಾಯಿತು. ಆ ಮನೆ ಬಿಟ್ಟರೆ ಈ ಲೋಕದಲ್ಲಿ ನಾನು ಹೋಗಿ ಕೂರುವ ಇನ್ನೊಂದು ಮನೆ ಇರಲಿಲ್ಲ. ಅಲ್ಲಿಗೆ ಹೋಗಬೇಕಾದರೆ ಆ ದೀಪ ಕೆಂಪಾಗಬೇಕಿತ್ತು.

ನೀವು ಕೇಳಬಹುದು, ಅಯ್ಯಾ, ದೀಪ ಕೆಂಪಾಗದಿದ್ದರೂ ಹೋಗಬಹುದಿತ್ತಲ್ಲ ಎಂದು. ಹೋಗಬಹುದಿತ್ತು. ಆದರೆ ಹಾಸ್ಟೆಲಿನಲ್ಲಿ ಬೆಳೆದವನಿಗೆ ಒಂದು ರೋಗವಿರುತ್ತದೆ. ಯಾರ ಮನೆಯ ಹೊಸಿಲು ದಾಟುವಾಗಲೂ ಅವನಿಗೆ ಕೈಯಲ್ಲೊಂದು ಕಾರಣ ಬೇಕು. ರಜೆಯಲ್ಲಿ ಗೆಳೆಯರ ಮನೆಗೆ ಹೋದರೆ ಬಾವಿಯಿಂದ ನೀರು ಸೇದಿ ಹಾಕಿ, ಸೌದೆ ಒಡೆದು, ಆಮೇಲೆ ಎಲೆಯ ಮುಂದೆ ಕೂರುತ್ತಿದ್ದೆ. ಯಾರೂ ಕೇಳಿದ್ದಲ್ಲ. ಕೇಳುವ ಮುಂಚೆಯೇ ಮಾಡಿಬಿಟ್ಟರೆ "ಇವನ್ಯಾಕೆ ಬಂದ" ಎಂದು ಯಾರೂ ಅಂದುಕೊಳ್ಳುವುದಿಲ್ಲವಲ್ಲ.

ಅಷ್ಟರಲ್ಲಿ ಮ್ಯಾನೇಜರಿಗೆ ನನ್ನ ಬಸ್ಸಿನ ಓಡಾಟ ಸಾಕಾಯಿತು. "ಪ್ರತಿ ಸಲ ನೀನು ಹೋಗಿ ಕಾರ್ಡು ಬದಲಾಯಿಸುವುದು ಯಾಕೆ? ಆ ಕೆಲಸವನ್ನು ಕಾರ್ಡುಗಳೇ ಮಾಡುವ ಹಾಗೆ ಮಾಡು. ಪೆಟ್ಟಿಗೆಯನ್ನು ಪಾರ್ಸೆಲ್ ಕಳಿಸಿದರೆ ಸಾಕು, ಎಲ್ಲ ಕಡೆಯೂ ತಾನೇ ಹೊಂದಿಕೊಂಡು ಕೂರಬೇಕು" ಎಂದರು. ನಾನು ತಲೆಯಾಡಿಸಿದೆ. ತನ್ನ ಕಾಲಿನ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದು ಎನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಕಲ್ಲನ್ನು ಕಡೆಯುವ ಕೆಲಸವೂ ನನಗೇ ಬಂತು.

ಬೇಸರದಲ್ಲಿ ಶುರು ಮಾಡಿದೆ. ಆದರೆ ಕೆಲಸದ ರುಚಿ ಹತ್ತಿಬಿಟ್ಟಿತು. ಹೊಸ ಕಟ್ಟಿನ ಮೊದಲ ಕಾರ್ಡುಗಳು ಏನನ್ನೂ ಎಲ್ಲೂ ಇಡುವುದಿಲ್ಲ. ಮೊದಲು ಯಂತ್ರವನ್ನು ಮಾತನಾಡಿಸುತ್ತವೆ. ನಿನ್ನ ಹೊಟ್ಟೆಯಲ್ಲಿ ಎಷ್ಟು ಜಾಗ? ಟೇಪುಗಳಿವೆಯೇ? ಒಂದೊಂದಾಗಿ ಓಗೊಡಲಿ ನೋಡೋಣ. ಪ್ರಿಂಟರು ಅಗಲವೋ ಕಿರಿದೋ? ಉತ್ತರ ನೋಡಿಕೊಂಡು ಆಮೇಲೆ ಹೊರೆ ಇಳಿಸುತ್ತವೆ. ಮೂರನೆಯ ಟೇಪು ಇಲ್ಲವೇ, ಎರಡನೆಯದರಲ್ಲೇ ಒತ್ತಿ ಕೂರಿಸು. ಟೇಪೇ ಇಲ್ಲವೇ, ಕಾರ್ಡಿನಲ್ಲೇ ನಡೆಸು. ಕೆಲವು ಯಂತ್ರಗಳು ಇಲ್ಲ ಎಂದೂ ಹೇಳುವುದಿಲ್ಲ, ಉಂಟು ಎಂದೂ ಹೇಳುವುದಿಲ್ಲ; ಮೂಕಾಗಿ ನಿಲ್ಲುತ್ತವೆ. ಅಂಥ ಕಡೆಗೆ ಒಂದು ನಿಯಮ ಬರೆದೆ: ಸ್ವಲ್ಪ ಹೊತ್ತು ಕಾಯಿ; ಉತ್ತರ ಬರಲಿಲ್ಲವೋ, ಇಲ್ಲವೆಂದೇ ತಿಳಿದು ಇದ್ದುದರಲ್ಲಿ ಕೆಲಸ ನಡೆಸು. ಅದನ್ನು ಬರೆದ ದಿನ ಕೋಣೆಗೆ ಹೋಗಿ ಬಹಳ ಹೊತ್ತು ಸೀಲಿಂಗು ನೋಡುತ್ತ ಮಲಗಿದ್ದೆ. ನಾನು ಬದುಕುತ್ತಿದ್ದದ್ದೂ ಇದೇ ನಿಯಮದಲ್ಲಿ. ಯಾರೂ ಬರೆದು ಕೊಟ್ಟಿರಲಿಲ್ಲ, ಅಷ್ಟೇ.

ಪಾರ್ಸೆಲುಗಳು ಹೋದವು. ಸೇಲಂನಲ್ಲಿ ಮೊದಲ ಸಲಕ್ಕೇ ಓಡಿತು. ಧರ್ಮಪುರಿಯ ಕಡೆಯ ಆ ಮೊಂಡು ಯಂತ್ರದಲ್ಲೂ ಓಡಿತು. ಕೂಲಿಯವರ ಹೆಸರುಗಳು ಪೂರ್ತಿಯಾಗಿ ಹೊರಬಂದವಂತೆ. ಆಫೀಸಿನಲ್ಲಿ ಎಲ್ಲರಿಗೂ ವಡೆ ಕೊಡಿಸಿದರು. ಮೇಟೂರಿನಿಂದ ಮಾತ್ರ ತಂತಿ ಬಂತು: ನಿಂತಿದೆ, ಕೂಡಲೇ ಕಳಿಸಿ.

ಬಸ್ಸಿನಲ್ಲಿ ನನಗೆ ಸಂತೋಷವೋ ಅವಮಾನವೋ ತಿಳಿಯಲಿಲ್ಲ. ಎರಡೂ ಇತ್ತು ಎನ್ನಿ. ಚಿಕ್ಕಣ್ಣ ಗೇಟಿಗೇ ಬಂದಿದ್ದ, ಮುಖ ಸಣ್ಣದು ಮಾಡಿಕೊಂಡಿದ್ದ. "ಏನೂ ತಪ್ ಮಾಡಿಲ್ಲ ಕಣ್ಲಾ. ನೀ ಬರ್ದಂಗೇ ಇಟ್ಟೆ. ಮೊದಲ್ನೇ ಕಾರ್ಡಿಗೇ ನಿಂತೋಗ್ತದೆ. ಬಾಯೇ ಬಿಡಾಕಿಲ್ಲ ಅಂತದೆ." ಅದು ಕೇಳಿ ನನಗೆ ತಲೆ ಕೆಟ್ಟಿತು. ಮೊದಲ ಕಾರ್ಡಿನಲ್ಲಿ ಕೆಡುವಂಥದ್ದು ಏನೂ ಇಲ್ಲ. ಕೇಳುವುದು ಶುರುವಾಗುವುದೇ ಎರಡನೆಯದರಿಂದ. ಯಂತ್ರದ ಬೀರು ಬಿಚ್ಚಿಸಿದೆ. ತಂತಿ ಎಳೆದು ನೋಡಿದೆ. ಕಾರ್ಡು ಓದುವ ಕಡೆಯ ದೀಪ ಬದಲಾಯಿಸಿದೆ. ಮಧ್ಯಾಹ್ನ ಕಳೆಯಿತು. ಕೊನೆಗೆ ಬೇಸತ್ತು ಮೊದಲ ಕಾರ್ಡನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ.

ಕಾರ್ಡಿನ ಎಡ ಮೇಲ್ತುದಿಯಲ್ಲಿ ಗಂಧದ ಬೊಟ್ಟು, ಅದರ ನಡುವೆ ಕುಂಕುಮ. ಒಣಗಿ ಗಟ್ಟಿಯಾಗಿ, ಅಲ್ಲಿದ್ದ ತೂತುಗಳನ್ನು ಗೋಡೆಗೆ ಗಾರೆ ಹಾಕಿದಷ್ಟು ಚೊಕ್ಕವಾಗಿ ಮುಚ್ಚಿತ್ತು.

"ಇದ್ಯಾರಣ್ಣ ಹಚ್ಚಿದ್ದು?" ಎಂದೆ.

"ನಾನೇ. ಯಾಕ್ಲಾ?" ಎಂದ ಚಿಕ್ಕಣ್ಣ. ಹೊಸ ಸಾಮಾನು ಮನೆಗೆ ಬಂದರೆ ಕುಂಕುಮ ಇಡದೆ ಯಾರಾದರೂ ಬಳಸುತ್ತಾರೆಯೇ ಎಂಬ ದನಿ. "ಗಂಧ ನಿಮ್ಮತ್ತಿಗೆ ತೇದು ಕೊಟ್ಲು. ಮೊದ್ಲೆಲ್ಲಾ ಕಟ್ಟು ಬರೀ ಆಪೀಸಿನ ಹೆಸ್ರಾಗೆ ಬರ್ತಿತ್ತು, ಮುಂದಿನ್ ಕಾರ್ಡ್ನ ನೀನೇ ಬಂದು ಹಾಕ್ತಿದ್ದೆ. ಇದು ಪೆಟ್ಟಿಗೆನಾಗೆ ಬಂತಲ್ಲ, ಸೀಲ್ ಹಾಕಿ, ನಿನ್ ಹೆಸ್ರು ಬರ್ದು. ಪೆಟ್ಟಿಗೆ ಮನೆಗೇ ತಕ್ಕೊಂಡೋಗಿ ತೋರುಸ್ದೆ. ಅವ್ಳು, ಮಾದೇಶನ ಕೈನಾಗೆ ಆದ ಸಾಮಾನು, ಬರೀ ಹಣೇಲಿ ಕಳ್ಸಬಾರ್ದು ಅಂದ್ಲು."

ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ಎಂದು ನಗಬೇಕಾಗಿತ್ತು. ನಗಲಿಲ್ಲ. ನಾನು ಹುಟ್ಟಿದ ಮೇಲೆ ಮಾಡಿದ ಯಾವ ಕೆಲಸಕ್ಕೂ ಯಾರೂ ಕುಂಕುಮ ಇಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಪಾಸಾದಾಗ ಹಾಸ್ಟೆಲಿನ ಗೋಡೆಗೆ ಹೇಳಿದ್ದೆ, ಕೆಲಸ ಸಿಕ್ಕಿದಾಗ ಬಸ್ ಕಂಡಕ್ಟರಿಗೆ. ಈಗ ಒಂದು ಮನೆಯಲ್ಲಿ ಗಂಧ ತೇದಿದ್ದರು, ಆ ಗಂಧವೇ ನನ್ನ ಯಂತ್ರದ ಬಾಯಿ ಮುಚ್ಚಿತ್ತು. ನಾನು ಮುಖ ತೊಳೆದುಕೊಂಡು ಬರುತ್ತೇನೆಂದು ಹೇಳಿ ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತೆ.

ಅಲ್ಲಿ ನಿಂತಾಗ ಒಂದು ಯೋಚನೆ ಬಂದದ್ದು ನಿಜ. ಕಾರಣ ಗೊತ್ತಿರುವುದು ನನಗೊಬ್ಬನಿಗೆ. ಈ ಕಾರ್ಡೊಂದನ್ನು ಬದಲಾಯಿಸಿ, ಏನೋ ತಂತಿ ಸಡಿಲವಾಗಿತ್ತು ಎಂದು ಹೇಳಿ ಹೋದರೆ ಸಾಕು. ಮುಂದಿನ ಪೆಟ್ಟಿಗೆ ಬರುತ್ತದೆ, ಅತ್ತಿಗೆ ಗಂಧ ತೇಯುತ್ತಾಳೆ, ದೀಪ ಕೆಂಪಾಗುತ್ತದೆ, ನಾನು ಬರುತ್ತೇನೆ. ಜನ್ಮಪೂರ್ತಿ ಬರಬಹುದು. ಆದರೆ ಒಳಗೆ ಚಿಕ್ಕಣ್ಣ, ತನ್ನ ಕೈಯಿಂದ ಏನೋ ಕೆಟ್ಟಿತೆಂದು ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ಮೇಲಿನವರು ಆಗಲೇ ಅವನನ್ನು ಒಂದು ಸಲ ಕರೆಸಿ ಕೇಳಿದ್ದರಂತೆ. ಪ್ರತಿ ಪೆಟ್ಟಿಗೆಗೂ ಅವನನ್ನು ಹಾಗೆ ನಿಲ್ಲಿಸಿ ಅವನ ಮನೆಯಲ್ಲಿ ಮುದ್ದೆ ತಿನ್ನಲು ನನ್ನಿಂದಾಗಲಿಲ್ಲ.

ಒಳಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಕಾರ್ಡನ್ನೂ ನನ್ನನ್ನೂ ನೋಡಿ, ತನ್ನ ಕೆನ್ನೆಗೆ ತಾನೇ ಎರಡು ಬಡಿದುಕೊಂಡ. "ಅಯ್ಯಯ್ಯೋ! ಅವ್ಳಿಗೆ ಏಳ್ಬ್ಯಾಡ್ಲಾ ಮಾದೇಶ. ಅತ್ಬಿಡ್ತಾಳೆ."

ಮದರಾಸಿಗೆ ಹಿಂತಿರುಗಿ ಮ್ಯಾನೇಜರಿಗೆ ಹೇಳಿದಾಗ ಅವರು ಕುರ್ಚಿಯಿಂದ ಬೀಳುವಷ್ಟು ನಕ್ಕರು. ಕಾರ್ಡಿಗೆ ಏನನ್ನೂ ಹಚ್ಚಬಾರದೆಂದು ಒಂದು ಚೀಟಿ ಅಂಟಿಸಿಬಿಡು ಎಂದರು. ನಾನು ಆಗುವುದಿಲ್ಲ ಎಂದೆ. ಅವರೆದುರು ಅಷ್ಟು ಖಂಡಿತವಾಗಿ ನಾನು ಮಾತಾಡಿದ್ದು ಅದೊಂದೇ ಸಲ. ಟೇಪಿಲ್ಲದ ಯಂತ್ರಕ್ಕೆ ಟೇಪು ತಾ ಎಂದು ನಾವು ಹೇಳುವುದಿಲ್ಲವಲ್ಲ, ಕುಂಕುಮ ಇಡುವ ಮನೆಗೆ ಇಡಬೇಡ ಎಂದು ಯಾಕೆ ಹೇಳಬೇಕು? ಕಟ್ಟಿನ ಮುಂದೆ ಎರಡು ಖಾಲಿ ಕಾರ್ಡು ಸೇರಿಸಿದೆ. ಒಂದೂ ತೂತಿಲ್ಲದ ಕಾರ್ಡುಗಳು. ಯಂತ್ರ ಅವನ್ನು ನುಂಗಿ ಮುಂದಕ್ಕೆ ಹೋಗುತ್ತದೆ. ಒಂದು ಕುಂಕುಮಕ್ಕೆ, ಇನ್ನೊಂದು ಗಂಧದ ಹಸಿ ಕೆಳಗಿಳಿಯದಿರಲಿ ಎಂದು. ಮೇಲಿನದರ ನಡುವೆ ಕೆಂಪು ಶಾಯಿಯಲ್ಲಿ ಒಂದು ಸಣ್ಣ ಸುತ್ತು ಬರೆದೆ, ಇಲ್ಲಿ ಇಡಿ ಎನ್ನುವ ಹಾಗೆ. ಆಮೇಲೆ ಎಲ್ಲ ಊರಿಗೆ ಹೋಗುವ ಕಟ್ಟಿಗೂ ಅದೇ ಪದ್ಧತಿಯಾಯಿತು. ಅದು ಯಾಕಿದೆ ಎಂದು ಗೊತ್ತಿಲ್ಲದ ಹೊಸ ಹುಡುಗರು ಕೂಡ ಸೇರಿಸುತ್ತಿದ್ದರು.

ಪೆಟ್ಟಿಗೆ ಮೇಟೂರಿಗೆ ಹೋಯಿತು. ಎರಡು ದಿನಕ್ಕೆ ಆಫೀಸಿಗೆ ಟ್ರಂಕ್ ಕಾಲ್ ಬಂತು. ಚಿಕ್ಕಣ್ಣ ಮೇಲಧಿಕಾರಿಯ ಕೋಣೆಯಿಂದ ಕೂಗುತ್ತಿದ್ದ, ಫೋನಿಲ್ಲದಿದ್ದರೂ ಕೇಳಿಸುತ್ತಿತ್ತೇನೋ. "ಒಂದೇ ಸಲಕ್ಕೆ ಓಡ್ತು ಕಣ್ಲಾ! ಕುಂಕುಮಾನೂ ಇಟ್ಟೆ, ಓಡ್ತು! ಇನ್ ನೀ ಬರಾದೇ ಬ್ಯಾಡ, ತಾನೇ ಎಲ್ಲಾ ನೋಡ್ಕಂತದೆ!" ನಾನೂ ಕೂಗಿದೆ, "ಬಾಳ ಸಂತೋಷ ಅಣ್ಣ" ಎಂದು. ಸುತ್ತ ಇದ್ದವರು ಕೈ ಕುಲುಕಿದರು. ಸಾಯಂಕಾಲ ಕಡಲ ದಂಡೆಗೆ ಹೋಗಿ ಕಡಲೆಕಾಯಿ ತಿನ್ನುತ್ತ ಕುಳಿತೆ. ಕಾಯೆಲ್ಲ ಮುಗಿದ ಮೇಲೂ ಪೊಟ್ಟಣದಲ್ಲಿ ಬೆರಳಾಡಿಸುತ್ತಲೇ ಇದ್ದೆ.

ಆಮೇಲಿನ ತಿಂಗಳುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಪೆಟ್ಟಿಗೆಗಳು ಹೋದವು, ಓಡಿದವು. ನನಗೆ ಸಂಬಳ ಹೆಚ್ಚಾಯಿತು, ಕುರ್ಚಿಗೆ ಕೈ ಬಂತು. ಬೆಳಿಗ್ಗೆ ತಮಿಳು, ಮಧ್ಯಾಹ್ನ ಇಂಗ್ಲಿಷು. ಸಿಟ್ಟು ಬರಲೂ ಕಾರಣವಿರಲಿಲ್ಲ, ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಒಂದು ದಿನ ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗ ಕೆನ್ನೆ ಕೊಯ್ದುಕೊಂಡೆ. ಬಾಯಿಂದ "ಅಯ್ಯೋ ಅಮ್ಮಾ" ಎಂದು ತಮಿಳಿನವರ ಹಾಗೆ ಬಂತು. "ಅವ್ವಾ" ಎಂದು ಬರಲಿಲ್ಲ. ರಕ್ತ ಒರೆಸಿಕೊಳ್ಳದೆ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ನಿಂತೆ. ಆ ವಾರ ರಜೆ ಬರೆದು ಕೊಟ್ಟು ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಕಾರಣಗಳನ್ನು ಜೋಡಿಸಿಕೊಂಡೆ. ಕೊಳತ್ತೂರಿನಲ್ಲಿ ಒಂದು ಮದುವೆ. ಹೊಗೆನಕಲ್ಲಿಗೆ ಗೆಳೆಯರೊಡನೆ ಬಂದೆ. ಸೇಲಂ ಗಿರಣಿಯಲ್ಲಿ ಕೆಲಸವಿತ್ತು, ಹಾಗೇ ಈ ಕಡೆ. ಮೂರೂ ಚೆನ್ನಾಗಿದ್ದವು. ಮೇಟೂರಿನಲ್ಲಿ ಇಳಿದು ಕ್ವಾರ್ಟರ್ಸಿನ ಬೀದಿಗೆ ತಿರುಗುವಾಗ ಇನ್ನೂ ಯಾವುದನ್ನು ಹೇಳುವುದೆಂದು ಆರಿಸುತ್ತಲೇ ಇದ್ದೆ.

ಅತ್ತಿಗೆ ಬಾಗಿಲಲ್ಲಿ ಕುಳಿತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ತಲೆಯೆತ್ತಿ ನನ್ನನ್ನು, ನನ್ನ ಕೈಯ ಬ್ಯಾಗನ್ನು ನೋಡಿದವಳೇ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ, ಮಿಷಿನ್ ಕೆಟ್ಟೋಯ್ತಾ? ಇವ್ರು ಬೆಳಿಗ್ಗೆ ಏನೂ ಅನ್ಲಿಲ್ಲವೇ!"

"ಇಲ್ಲ ಅತ್ತಿಗೆ. ಕೆಟ್ಟಿಲ್ಲ."

"ಸೇಲಂನಾಗೆ ಕೆಟ್ಟದಾ?"

"ಅಲ್ಲೂ ಓಡ್ತಾ ಐತೆ."

ಅಷ್ಟರಲ್ಲಿ ಚಿಕ್ಕಣ್ಣ ಊಟಕ್ಕೆಂದು ಸೈಕಲ್ಲಿನಲ್ಲಿ ಬಂದ. ಕಾಲು ಊರುವ ಮುಂಚೆಯೇ ಅವನ ಮುಖದ ಬಣ್ಣ ಹೋಗಿತ್ತು. "ಏನ್ಲಾ? ಏನಾತು? ನಾನ್ ಈಗ್ತಾನೆ ಓಡಿಸ್ಬಿಟ್ ಬಂದೆ, ಚೆನ್ನಾಗೈತೆ!"

"ಚೆನ್ನಾಗೇ ಐತೆ ಅಣ್ಣ."

"ಒಸಾ ಪೆಟ್ಟಿಗೆ ತಂದ್ಯಾ?"

"ಇಲ್ಲ."

"ಮೇಲಿನೋರು ಕರ್ಸಿದ್ರಾ?"

"ಇಲ್ಲಣ್ಣ."

"ಮತ್ಯಾಕ್ಲಾ ಬಂದೆ?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಇದುವರೆಗೆ ಒಮ್ಮೆಯೂ ನಾನು ಬೇರೆ ಕೆಲಸಕ್ಕೆ ಬಂದವನಲ್ಲ, ಅದಕ್ಕೇ ಕೇಳಿದ. ನಾನು ಜೋಡಿಸಿಟ್ಟುಕೊಂಡ ಮೂರು ಕಾರಣಗಳಲ್ಲಿ ಒಂದಾದರೂ ಬಾಯಿಗೆ ಬರಬೇಕಲ್ಲ. ಮದುವೆ ಯಾರದು ಎಂದು ಕೇಳಿದರೆ? ಗೆಳೆಯರೆಲ್ಲಿ ಎಂದರೆ? ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡೆ.

"ಸುಮ್ನೆ," ಎಂದೆ.

ಚಿಕ್ಕಣ್ಣ ಸೈಕಲ್ಲಿಗೆ ಸ್ಟ್ಯಾಂಡು ಹಾಕಲು ಬಗ್ಗಿದವನು ಬಗ್ಗಿಯೇ ಇದ್ದ. ಅತ್ತಿಗೆ ಮೊರ ಕೆಳಗಿಟ್ಟು ಎದ್ದಳು. ಸೆರಗಿನಲ್ಲಿ ಮೂಗು ಒರೆಸಿಕೊಂಡು, ನನಗೆ ಹೇಳುವುದೋ ಬೀದಿಗೆ ಹೇಳುವುದೋ ಎನ್ನುವ ಹಾಗೆ ಹೇಳಿದಳು:

"ಅವತ್ತು ಒಂದೇ ಸಲಕ್ಕೆ ಓಡ್ತು ಅಂತ ನಿಂಗೆ ಪೋನ್ ಮಾಡಿ ಬಂದ್ರಲ್ಲ ಇವ್ರು, ಮನೆಗೆ ಬಂದು ಉಣ್ಲೇ ಇಲ್ಲ. ಮೀನ್ ಸಾರು ಮಾಡಿದ್ದೆ. ಇನ್ ಅವ್ನು ಬರಾಕಿಲ್ಲ ಕಣೇ ಕೆಂಪಿ ಅಂದ್ಬಿಟ್ಟು ಗೋಡೆ ಕಡೆ ತಿರಿಕ್ಕಂಡು ಮನೀಕ್ಕಂಡ್ರು."

"ಅವ್ಳ ಮಾತೇನ್ ಕೇಳ್ತೀಯ," ಎಂದ ಚಿಕ್ಕಣ್ಣ, ಸೈಕಲ್ಲಿನ ಚಕ್ರವನ್ನು ನೋಡುತ್ತ. "ಅವತ್ತು ಒಟ್ಟೆ ಸರಿ ಇರ್ಲಿಲ್ಲ."